ಅರವತ್ತು ಖಾಲಿ ಟ್ರೇ

"ಸ್ಟುಡಿಯೋ ಯಾಕ ಬೇಕು? ಮನ್ಯಾಗ ಮಾಡಿ ತೋರಸ್ತೀನಿ!" ಎಂದು ಜಯತೀರ್ಥರು ಗುಡುಗಿದರು. ಧಾರವಾಡದಿಂದ ವಿಮಾ ಕಚೇರಿಯ ವರ್ಗದ ಮೇಲೆ ಗುಜರಾತಿನ ಮಣಿನಗರಕ್ಕೆ ಬಂದು ಹನ್ನೊಂದು ವರ್ಷವಾದ ಮೇಲೆ, ಕನ್ನಡ ಸಂಘ ರಾಜ್ಯೋತ್ಸವದ ನಿರೂಪಣೆಗೆ ಅವರ ಧ್ವನಿ ಕೇಳಿತ್ತು. ಭಾನುವಾರ ಸಂಜೆ ಐದರೊಳಗೆ ಧ್ವನಿ ಮುದ್ರಿಸಿ ಕಳಿಸಬೇಕು. ಹಿಂದಿನ ಕೋಣೆ ಖಾಲಿ ಮಾಡಿಸಿ ಮೈಕ್ ಮುಂದೆ ಕುಳಿತರು.

ಮಗಳು ಮೇದಿನಿ ಕೇಳಿ ನೋಡಿ, "ಪಪ್ಪಾ, ಬಾವಿ ಅಂದರ್ ಕೂತು ಮಾತಾಡಿದಂಗ ಅದ" ಎಂದಳು.

"ಗ್ವಾಡಿಗೆ ನಮ್ಮವ್ವ ಹೊಲಿದ ಕೌದಿ ಹಾಕ್ರಿ, ದನಿ ಗುಂಯ್‌ಗುಡೋದು ನಿಲ್ತದ" ಎಂದರು ಹೆಂಡತಿ ಕಮಲಾಕ್ಷಿ.

"ಕೌದಿ! ಇದು ವಿಜ್ಞಾನ ಅದ, ಹಾಸಿಗಿ ಅಲ್ಲ!"

ವಿಜ್ಞಾನವನ್ನು ಅವರು ಮೊಬೈಲಿನ ವಿಡಿಯೋದಲ್ಲಿ ಕಲಿತಿದ್ದರು: ಗೋಡೆಗೆ ಮೊಟ್ಟೆ ಟ್ರೇ ಅಂಟಿಸಬೇಕು. ಬೆಳ್ಳುಳ್ಳಿಯನ್ನೂ ಮನೆಗೆ ತಾರದ ಮಹಾನುಭಾವರು ಅರವತ್ತು ಖಾಲಿ ಟ್ರೇ ಹೊತ್ತು ಹಾಡಹಗಲೇ ಲಿಫ್ಟ್ ಹತ್ತಿದರು. ಆಲೂಗಡ್ಡೆಯನ್ನೂ ಮುಟ್ಟದ ಜನ ಇರುವ ಸೊಸೈಟಿ ಅದು!

ಅಷ್ಟೂ ಅಂಟಿಸಿದರೂ ಬಾವಿ ಬಾವಿಯಾಗಿಯೇ ಇತ್ತು. ಅಷ್ಟರಲ್ಲಿ ಸೊಸೈಟಿಯ ಕಾರ್ಯದರ್ಶಿ ಹಸ್ಮುಖಭಾಯಿ ಹತ್ತು ಮಂದಿಯೊಂದಿಗೆ ಒಳಗೇ ಬಂದರು.

"ಜಯತೀರ್ಥ್‌ಭಾಯ್, ಆ ಶುಂ ಛೇ?" ಎಂದು ಗೋಡೆ ತೋರಿಸಿ ಇದೇನೆಂದು ಕೇಳಿದರು.

"ಖಾಲಿ ಛೇ! ಖಾಲಿ ಟ್ರೇ!"

"ಖಾಲಿ? ತೋ ಅಂಡೇ ಕಹಾಂ ಗಯೇ?" ಮೊಟ್ಟೆಗಳೆಲ್ಲ ಎಲ್ಲಿ ಹೋದವು ಎಂಬುದೇ ಈಗ ಎಲ್ಲರ ಪ್ರಶ್ನೆ.

ಪಕ್ಕದ ಮನೆಯ ಅಜ್ಜಿ ಒಂದು ಟ್ರೇಯ ಗುಳಿಗಳನ್ನು ಎಣಿಸಿ ಲೆಕ್ಕ ಒಪ್ಪಿಸಿದರು: ಒಟ್ಟು ಸಾವಿರದ ಎಂಟುನೂರು ಮೊಟ್ಟೆ, ತಿಂದವರು ಮೂರು ಜನ!

ಏಕಾದಶಿಗೆ ನೀರೂ ಮುಟ್ಟದವನ ಮೇಲೆ ಇಂಥ ಅಪವಾದವೇ? ಜಯತೀರ್ಥರ ಮೈಯೆಲ್ಲ ಉರಿದುಹೋಯಿತು. ಜನಿವಾರ ಹೊರಗೆಳೆದು ತೋರಿಸಿದರು. ಕನ್ನಡ, ಹಿಂದಿ, ಗುಜರಾತಿ ಮೂರರಲ್ಲೂ ಒಂದು ತಾಸು ಕೂಗಾಡಿದರು. ಯಾರೂ ಕದಲಲಿಲ್ಲ. ಕೊನೆಗೆ ಟ್ರೇ ಕಿತ್ತರು. ಬಾಡಿಗೆ ಮನೆಯ ಬಣ್ಣವೂ ಜೊತೆಗೇ ಎದ್ದು ಬಂತು.

ಅದು ಭಾನುವಾರ, ಗಂಟೆ ನಾಲ್ಕೂವರೆ. ಕಮಲಾಕ್ಷಿ ಕೌದಿ ತಂದರು. ಜಯತೀರ್ಥರು ಮೈಕ್ ಮುಂದೆ ಬಾಯಿ ತೆರೆದರು. ಬರೀ ಗಾಳಿ ಬಂತು! ಇದ್ದ ಧ್ವನಿಯನ್ನೆಲ್ಲ ಹಸ್ಮುಖಭಾಯಿಗೇ ಖರ್ಚು ಮಾಡಿದ್ದರು.

"ಕೊಡ್ರಿ ಇಲ್ಲೆ" ಎಂದು ಕಮಲಾಕ್ಷಿ ನಿರೂಪಣೆಯ ಕಾಗದ ಕಿತ್ತುಕೊಂಡರು. "ನೀವು ಕೌದಿ ಹಿಡ್ಕೊಂಡು ಹಿಂದ ನಿಲ್ರಿ. ಗ್ವಾಡಿಗೆ ಮೊಳಿ ಮಾತ್ರ ಹೊಡೀಬ್ಯಾಡ್ರಿ."

ರಾಜ್ಯೋತ್ಸವದ ದಿನ ನಿರೂಪಣೆ ಕೇಳಿ ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಬಾವಿಯ ಸುಳಿವೇ ಇರಲಿಲ್ಲ. ಕೊನೆಗೆ ಮೇದಿನಿ ತಾನೇ ಬರೆದ ವಂದನಾರ್ಪಣೆಯನ್ನು ತಡವರಿಸುತ್ತ ಓದಿದಳು:

"ಧ್ವನಿ: ಶ್ರೀಮತಿ ಕಮಲಾಕ್ಷಿ. ಕೌದಿ ಹಿಡಿದವರು: ಶ್ರೀ ಜಯತೀರ್ಥ."