ಸಕುಟುಂಬ ಸಪರಿವಾರ ಸಮ್ಮೇಳನ

ನನಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ನಶ್ಯದ ಡಬ್ಬಿಯನ್ನು ಕೂಡ ಕೈಯಲ್ಲಿ ಹಿಡಿದವನಲ್ಲ. ಆದರೆ ಎಂಥ ಸಭ್ಯನಿಗೂ ಏನಾದರೊಂದು ಚಟ ಇರಬೇಕಲ್ಲ. ನನಗಿದ್ದದ್ದು ಆಮಂತ್ರಣ ಪತ್ರಿಕೆ ಬರೆಯುವ ಚಟ. ವಡಾಲ, ಮಾಟುಂಗಾ ಕಡೆಯ ನಮ್ಮ ಕನ್ನಡದವರ ಮನೆಗಳಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಯಾವುದೇ ನಿಶ್ಚಯವಾಗಲಿ, ಪುರೋಹಿತರಿಗಿಂತ ಮೊದಲು ನನಗೆ ಹೇಳಿಕಳಿಸುತ್ತಿದ್ದರು. ಯಾವ ಚಿಕ್ಕಪ್ಪನ ಹೆಸರನ್ನು ಯಾವ ಸಾಲಿನಲ್ಲಿ ಕೂರಿಸಿದರೆ ಮದುವೆ ಸಾಂಗವಾಗಿ ನಡೆಯುತ್ತದೆ ಎಂಬುದು ನನಗೆ ಕರತಲಾಮಲಕ. ಒಮ್ಮೆ ಒಬ್ಬ ಸೋದರಮಾವನ ಹೆಸರು ಬಿಟ್ಟುಹೋಗಿ, ಆತ ಮುಹೂರ್ತ ಮುಗಿಯುವವರೆಗೆ ಹಾಲ್‌ನ ಹೊರಗೆ ಚಪ್ಪಲಿಗಳ ನಡುವೆ ನಿಂತಿದ್ದರು. ಅಂದಿನಿಂದ ಸೋದರಮಾವಂದಿರ ವಿಷಯದಲ್ಲಿ ನಾನು ಬಹಳ ಎಚ್ಚರ. ಹೀಗೆ ವರ್ಷಗಟ್ಟಲೆ ಬರೆದು ಬರೆದು, ಕೊನೆಯ ಸಾಲಿಗೆ ಬರುವ ಹೊತ್ತಿಗೆ ನನ್ನ ಬೆರಳುಗಳು ನನ್ನ ಅಪ್ಪಣೆಗೆ ಕಾಯುತ್ತಿರಲಿಲ್ಲ. ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ’ ಎಂದು ತಾವೇ ಬರೆದು ಮುಗಿಸಿಬಿಡುತ್ತಿದ್ದವು.

ನಾನು ಕೆಲಸ ಮಾಡುತ್ತಿದ್ದದ್ದು ಫೋರ್ಟ್ ಎಂದು ಕರೆಯುವ ಕೋಟೆ ಪ್ರದೇಶದಲ್ಲಿದ್ದ ಸಣ್ಣ ಉದ್ದಿಮೆದಾರರ ಸಂಘವೊಂದರ ಕಚೇರಿಯಲ್ಲಿ. ಈಗಿನವರು ಸ್ಟಾರ್ಟಪ್ ಎನ್ನುತ್ತಾರಲ್ಲ, ಎಂಬತ್ತರ ದಶಕದ ಕೊನೆಯಲ್ಲಿ ಅದಕ್ಕೆ ಅಂಥ ಚಂದದ ಹೆಸರಿರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಯಂತ್ರ ಇಟ್ಟುಕೊಂಡು, ಇದ್ದ ನೌಕರಿಯನ್ನೂ ಬಿಟ್ಟು, ವೋಲ್ಟೇಜ್ ಸ್ಟೆಬಿಲೈಸರನ್ನೋ ರಬ್ಬರ್ ವಾಷರನ್ನೋ ಮಾಡಲು ಹೊರಟವರನ್ನು ಅವರ ಮಾವಂದಿರು ‘ತಲೆ ಕೆಟ್ಟವರು’ ಎನ್ನುತ್ತಿದ್ದರು, ನಮ್ಮ ಸಂಘ ‘ಹೊಸ ಉದ್ದಿಮೆದಾರರು’ ಎನ್ನುತ್ತಿತ್ತು. ಅಂಥವರಿಗಾಗಿ ಇಡೀ ಪಶ್ಚಿಮ ವಲಯದ ಒಂದು ದೊಡ್ಡ ಸಮ್ಮೇಳನ ಮಾಡಬೇಕೆಂದು ನಿರ್ಧಾರವಾಯಿತು. ಜಾಗ ಪವಾಯಿ ಕೆರೆಯ ಹತ್ತಿರದ ಒಂದು ಸಭಾಂಗಣ. ಸೂರತ್‌ನಿಂದ ಗೋವಾದವರೆಗಿನ ಮುನ್ನೂರು ಜನ, ಅವರಿಗೆ ಸಾಲ ಕೊಡಬಹುದಾದ ಬ್ಯಾಂಕಿನವರು, ವಿದೇಶ ಕಂಡು ಬಂದ ಒಬ್ಬ ತಜ್ಞರು, ಮಧ್ಯಾಹ್ನದ ಊಟ.

ನಮ್ಮ ಕಾರ್ಯದರ್ಶಿ ಕುಲಕರ್ಣಿ ಸಾಹೇಬರು ಧಾರವಾಡದವರು. ಹನ್ನೊಂದು ವರ್ಷ ನನ್ನನ್ನು ಬರಿಯ ಫೈಲು ಹೊರುವವನನ್ನಾಗಿ ಇಟ್ಟುಕೊಂಡಿದ್ದವರು, ಆ ದಿನ ಕರೆದು, “ಮೂರ್ತಿಯವರ, ಈ ಸಲ ಎಲ್ಲಾ ನೀವ ನೋಡ್ಕೋರಿ. ಛಂದಾಗಿ ಪಾರ್ ಮಾಡಿದ್ರ ಹೆಡ್ ಕ್ಲರ್ಕ್ ಖುರ್ಚಿ ನಿಮ್ಮದ” ಎಂದರು. ಆ ಕುರ್ಚಿಗೆ ಎರಡು ಕೈಗಳಿದ್ದವು. ನಾನು ಕೂರುತ್ತಿದ್ದುದಕ್ಕೆ ಒಂದೂ ಇರಲಿಲ್ಲ. ಅಂದು ಸಂಜೆಯ ಲೋಕಲ್ ಟ್ರೈನ್‌ನಲ್ಲಿ ಒಂದೇ ಕಾಲಿನ ಮೇಲೆ ನಿಂತಿದ್ದರೂ ನನಗೆ ಕೈಯಿರುವ ಕುರ್ಚಿಯಲ್ಲಿ ಕುಳಿತಂತೆಯೇ ಇತ್ತು.

ಆಮಂತ್ರಣವನ್ನು ಇಂಗ್ಲಿಷಿನಲ್ಲಿ ನಾನೇ ಟೈಪ್ ಮಾಡಿದೆ. ಪ್ರೆಸ್ಸಿಗೆ ಕೊಡುವ ಮುಂಚೆ ಮನೆಗೆ ತಂದು, ಹೆಂಡತಿ ವನಜಾಳಿಗೆ ಕನ್ನಡದಲ್ಲಿ ಅರ್ಥ ಹೇಳುತ್ತ ಗಟ್ಟಿಯಾಗಿ ಓದಿದೆ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತ ಕೇಳುತ್ತಿದ್ದವಳು ಕೊನೆಯ ಸಾಲಿಗೆ ಕೈ ನಿಲ್ಲಿಸಿದಳು.

“ಅಲ್ಲಾರೀ, ಆಫೀಸ್ ಕಾರ್ಯಕ್ರಮಕ್ಕೆ ಸಕುಟುಂಬ ಅಂತ ಹಾಕಿದೀರಾ?”

ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಆದರೆ ನನ್ನ ಬರವಣಿಗೆಯಲ್ಲಿ ತಪ್ಪು ಹುಡುಕಿದವರಿಗೆ ನಾನು ಸುಲಭವಾಗಿ ಸೋತವನಲ್ಲ. “ಹಾಗೆ ಹಾಕಿದರೇ ಪತ್ರಿಕೆಗೆ ತೂಕ. ಸುಮ್ಮನೆ ಮರ್ಯಾದೆಗೆ, ಯಾರು ಕರೆದುಕೊಂಡು ಬರುತ್ತಾರೆ?” ಎಂದೆ.

ಅವಳು ಇನ್ನೊಂದು ಹುರುಳಿಕಾಯಿಯ ನಾರು ತೆಗೆದಳು. ಆಮೇಲೆ, “ಚೆನ್ನಾಗಿದೆ. ತೆಗೀಬೇಡಿ” ಎಂದಳು. ಹುರುಳಿಕಾಯಿ ಮುಗಿಯುವ ಹೊತ್ತಿಗೆ, “ಪವಾಯಿಲಿ ಕೆರೆ ಇದೆಯಂತಲ್ಲ?” ಎಂದು ಕೇಳಿದಳು. ಇದೆ ಎಂದೆ. ಆ ಕೆರೆಯಲ್ಲಿ ಮೊಸಳೆ ಇದೆಯೆಂದು ಹೇಳುತ್ತಾರೆ ಎಂದು ಒಂದಷ್ಟು ವಿವರವನ್ನೂ ಕೊಟ್ಟೆ. ಮೈಸೂರಿನಿಂದ ಬಂದು ಒಂಬತ್ತು ವರ್ಷವಾಗಿದ್ದರೂ ಅವಳು ನನ್ನ ಆಫೀಸನ್ನು ಹೊರಗಿನಿಂದ ಕೂಡ ನೋಡಿರಲಿಲ್ಲ ಎಂಬ ವಿವರ ಮಾತ್ರ ನನಗೆ ಹೊಳೆಯಲಿಲ್ಲ.

ಪ್ರತಿ ಆಮಂತ್ರಣದ ಜೊತೆ ‘ಎಷ್ಟು ಜನ ಬರುತ್ತೀರಿ’ ಎಂದು ತಿಳಿಸಲು ಒಂದು ಉತ್ತರದ ಕಾರ್ಡನ್ನು ಇಟ್ಟಿದ್ದೆ. ಅದು ನನ್ನದೇ ಯೋಜನೆ. ಅದಕ್ಕಾಗಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಹತ್ತು ದಿನಗಳಲ್ಲಿ ಕಾರ್ಡುಗಳು ಬರತೊಡಗಿದವು. ಪುಣೆಯವರು ನಾಲ್ಕು ಜನ. ನಾಸಿಕದವರು ಆರು ಜನ, ಅದರಲ್ಲಿ ಒಂದು ತೊಟ್ಟಿಲ ಕೂಸು. ಗೋವಾದವರೊಬ್ಬರು ‘ಅತ್ತೆಗೆ ಮಂಡಿನೋವು, ಮೆಟ್ಟಿಲಿದೆಯೇ?’ ಎಂದು ವಿಚಾರಿಸಿದ್ದರು. ಸೂರತ್‌ನವರೊಬ್ಬರು ತಮ್ಮ ಕುಟುಂಬವೆಂದರೆ ಹನ್ನೊಂದು ಜನ ಎಂದೂ, ಇಷ್ಟು ಪ್ರೀತಿಯಿಂದ ಈವರೆಗೆ ಯಾವ ಸಂಸ್ಥೆಯೂ ಕರೆದಿರಲಿಲ್ಲವೆಂದೂ ಬರೆದಿದ್ದರು. ಮುನ್ನೂರು ಎಂಬುದು ಆರುನೂರನ್ನು ದಾಟಿದ ದಿನ ಕುಲಕರ್ಣಿ ಸಾಹೇಬರು ನನ್ನನ್ನು ಒಳಗೆ ಕರೆದರು.

“ಏನ್ರೀ ಮೂರ್ತಿ, ಇದು ಸಮ್ಮೇಳನೋ, ನಿಮ್ಮ ತಂಗೀ ಲಗ್ನೋ?”

“ಸರ್, ಕೈಗೆ ಹತ್ತಿದ ರೂಢಿ... ತಾವೂ ಸಹಿ ಮಾಡಿದ್ದಿರಿ...”

“ನಾ ಫೋನಿನ್ಯಾಗ ಮಾತಾಡಕೋತ ಸಹಿ ಮಾಡೀನಿ. ನಾ ಓದಬೇಕಾಗಿದ್ರ ನಿಮ್ಮನ್ನ ಯಾಕ ಇಟ್ಕೋತಿದ್ದೆ?”

ಎಲ್ಲರಿಗೂ ಟೆಲಿಗ್ರಾಂ ಕೊಡೋಣ ಎಂದು ಸೂಚಿಸಿ, ಆದಷ್ಟು ಕಡಿಮೆ ಪದಗಳಲ್ಲಿ ಒಂದನ್ನು ಬರೆದು ತೋರಿಸಿದೆ: ‘ಕುಟುಂಬ ರದ್ದು. ಒಬ್ಬರೇ ಬನ್ನಿ.’ ಸಾಹೇಬರು ಅದನ್ನು ಎರಡು ಸಲ ಓದಿ, “ಇದನ್ನ ಓದಿದವ್ರು ಮನ್ಯಾಗ ಯಾರೋ ತೀರ್ಕೊಂಡಾರಂತ ಅಳಾಕ ಕೂಡ್ತಾರ. ಹರದು ಹಾಕ್ರಿ” ಎಂದರು. ಹೆಡ್ ಕ್ಲರ್ಕ್ ಕುರ್ಚಿ ನನ್ನ ಕಣ್ಣೆದುರಿಗೇ ದೂರ ದೂರ ಹೋಗುತ್ತಿತ್ತು. ಏನಾದರೂ ತ್ಯಾಗ ಮಾಡಿ ತೋರಿಸಬೇಕೆಂಬ ಆವೇಶ ಬಂದು, “ಸರ್, ನನ್ನ ಮನೆಯಿಂದ ಯಾರೂ ಬರುವುದಿಲ್ಲ. ಒಂದು ಊಟ ಉಳಿಯಿತು” ಎಂದು ಎದೆ ಸೆಟೆಸಿ ಹೇಳಿದೆ. “ಭಾಳ ಉಪಕಾರ ಆತು” ಎಂದರು ಸಾಹೇಬರು. ಆ ತ್ಯಾಗದ ವಿಷಯವನ್ನು, ತ್ಯಾಗಕ್ಕೆ ಒಳಗಾದವಳಿಗೆ ತಿಳಿಸಬೇಕೆಂಬುದು ನನಗೆ ನೆನಪಾಗಲಿಲ್ಲ.

ಊಟದ ವ್ಯವಸ್ಥೆ ಗ್ರಾಂಟ್ ರೋಡಿನಲ್ಲಿ ಹೋಟೆಲಿಟ್ಟಿದ್ದ ಉಡುಪಿ ಕಡೆಯ ಸಂಜೀವ ಶೆಟ್ಟರದು. ಅವರ ಗಲ್ಲಾದ ಮುಂದೆ ಹೋಗಿ ನಿಂತೆ.

“ಎಂತ ಮಾರಾಯ್ರೇ, ಮುಖ ಹೀಗೆ ಮಾಡಿಕೊಂಡು ಬಂದದ್ದು?”

ಹೇಳಿದೆ. ಶೆಟ್ಟರು ನಗಲಿಲ್ಲ. ನನಗೊಂದು ಕಾಫಿ ತರಿಸಿ, ನಾವು ಮೊದಲು ಒಪ್ಪಿದ್ದ ಪಟ್ಟಿಯನ್ನು ನೋಡಿ, ಪನೀರು, ಪುಲಾವು, ಐಸ್‌ಕ್ರೀಮುಗಳ ಮೇಲೆ ಗೀಟು ಎಳೆದರು. “ಬಫೆ ಬೇಡ, ಪಂಕ್ತಿ ಹಾಕುವ. ಬಫೆಯಲ್ಲಿ ಜನ ಕಣ್ಣಿನ ಹಸಿವಿಗೆ ಬಡಿಸಿಕೊಳ್ಳುದು, ಅರ್ಧ ಬಿಟ್ಟು ಏಳುದು. ಪಂಕ್ತಿಯಲ್ಲಿ ಸೌಟು ನನ್ನ ಜನರ ಕೈಯಲ್ಲಿ. ಅನ್ನ, ಸಾರು, ಎರಡು ಪಲ್ಯ, ಹಪ್ಪಳ, ಪಾಯಸ. ಮಕ್ಕಳು ಮುದುಕರು ಎಷ್ಟು ತಿಂತಾರೆ? ನೀವು ಹೆದರ್ಬೇಡಿ” ಎಂದರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ನಡುವೆ ಗಲ್ಲಾ ಇದ್ದುದರಿಂದ ಕೈ ಮಾತ್ರ ಹಿಡಿದುಕೊಂಡೆ.

ಈ ಗಡಿಬಿಡಿಯಲ್ಲಿ ಮನೆಯಲ್ಲಿ ನಡೆಯುತ್ತಿದ್ದುದನ್ನು ನಾನು ಕಂಡೂ ಕಾಣಲಿಲ್ಲ. ವನಜಾ ಟ್ರಂಕಿನಿಂದ ಮದುವೆಯ ಮೈಸೂರು ಸಿಲ್ಕ್ ಸೀರೆ ತೆಗೆದು ನೆರಳಿಗೆ ಹರವಿದ್ದಳು. ಟೈಲರನ ಹತ್ತಿರ ಎರಡು ಸಲ ಹೋಗಿಬಂದಳು. “ಆವತ್ತು ಎಷ್ಟು ಹೊತ್ತಿಗೆ ಹೊರಡಬೇಕು?” ಎಂದು ಕೇಳಿದಳು, “ಆರೂವರೆಗೆ” ಎಂದೆ. “ಕುರ್ಲಾದಲ್ಲಿ ಬದಲಾಯಿಸಬೇಕಾ?” ಎಂದಳು, “ಹೂಂ, ಅಲ್ಲಿಂದ ಕಾಂಜೂರ್ ಮಾರ್ಗ್, ಆಮೇಲೆ ರಿಕ್ಷಾ” ಎಂದೆ. ಗಂಡನ ಕೆಲಸದ ಬಗ್ಗೆ ಎಷ್ಟು ಆಸ್ಥೆ ಎಂದು ಮೆಚ್ಚಿಕೊಂಡೆ ಕೂಡ.

ಸಮ್ಮೇಳನದ ದಿನ ಬೆಳಿಗ್ಗೆ ಆರೂಕಾಲಿಗೆ ನಾನು ಬೂಟಿನ ದಾರ ಕಟ್ಟುತ್ತಿದ್ದೆ. ಒಳಗಿನಿಂದ ವನಜಾ ಬಂದಳು. ಮೈಸೂರು ಸಿಲ್ಕ್, ಹೊಸ ರವಿಕೆ, ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಪರ್ಸು. ಬಹಳ ಚೆನ್ನಾಗಿ ಕಾಣುತ್ತಿದ್ದಳು. ಅದನ್ನು ಹೇಳುವ ಬದಲು ನಾನು ಕೇಳಿದ್ದು:

“ಇಷ್ಟು ಬೆಳಿಗ್ಗೇನೇ ಯಾರ ಮನೆಗೆ ಹೊರಟೆ?”

ಅವಳು ನನ್ನನ್ನೇ ನೋಡಿದಳು. ಆಗ ನನಗೆ ಅರ್ಥವಾಯಿತು. ಅರ್ಥವಾದ ಮೇಲಾದರೂ ‘ನಡಿ, ಹೋಗೋಣ’ ಎನ್ನಬಹುದಿತ್ತು. ನಾನು ಊಟದ ಲೆಕ್ಕ ವಿವರಿಸತೊಡಗಿದೆ. ಆರುನೂರರ ಕಥೆ, ಸಾಹೇಬರ ಸಿಟ್ಟು, ಪಂಕ್ತಿ, ಪನೀರು ಎಲ್ಲ ಹೇಳಿ, “ನಿನ್ನ ಹೆಸರನ್ನ ನಾನೇ ಮೊದಲು ಬಿಟ್ಟುಬಿಟ್ಟೆ” ಎಂದು ಮುಗಿಸಿದೆ.

“ಓ” ಎಂದಳು. ಆಮೇಲೆ, “ಕರ್ಚೀಫ್ ತಗೊಂಡ್ರಾ?” ಎಂದಳು. ನಾನು ತೆಗೆದುಕೊಂಡಿರಲಿಲ್ಲ. ತಂದುಕೊಟ್ಟಳು.

ಸಮ್ಮೇಳನದ ಬಗ್ಗೆ ಹೇಳಬೇಕೆಂದರೆ, ಅದು ಗೆದ್ದಿತು. ಬೆಳಿಗ್ಗೆ ವಿದೇಶ ಕಂಡ ತಜ್ಞರು ಮಾತಾಡುವಾಗ ಸಭಾಂಗಣದಲ್ಲಿ ಅರ್ಧ ಜನ ಇರಲಿಲ್ಲ. ಮೊಸಳೆ ನೋಡಲು ಕೆರೆಗೆ ಹೋಗಿದ್ದರು. ನಾನು ಕಂಬದ ಹಿಂದೆ ನಿಂತು ರಾಜೀನಾಮೆ ಪತ್ರದ ಒಕ್ಕಣೆ ಯೋಚಿಸುತ್ತಿದ್ದೆ. ಆದರೆ ಬ್ಯಾಂಕಿನವರ ಮೇಜಿನ ಹತ್ತಿರ ಬೇರೆಯೇ ನಡೆಯಿತು. ಕೊಲ್ಲಾಪುರದ ವಾಷರ್ ತಯಾರಕರೊಬ್ಬರನ್ನು ಅಧಿಕಾರಿ “ತಿಂಗಳಿಗೆ ಎಷ್ಟು ಮಾಲು ಹೋಗುತ್ತದೆ, ಎಷ್ಟು ವಾಪಸ್ ಬರುತ್ತದೆ?” ಎಂದು ಕೇಳಿದರು. ಆತ ತಲೆ ಕೆರೆದುಕೊಂಡು ಹಿಂದೆ ನಿಂತಿದ್ದ ಹೆಂಡತಿಯ ಮುಖ ನೋಡಿದ. ಆಕೆ ಸೆರಗು ಸರಿಮಾಡಿಕೊಂಡು, ಮಾಲು, ವಾಪಸ್ಸು, ಯಾವ ಅಂಗಡಿಯವನು ಹಣ ಕೊಡಲು ಸತಾಯಿಸುತ್ತಾನೆ ಎಂಬುದನ್ನೆಲ್ಲ ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದಳು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, “ಇವರಿಗೊಂದು ಕುರ್ಚಿ ತನ್ನಿ” ಎಂದರು. ಆಮೇಲೆ ಅವರು ಎಲ್ಲರಿಗೂ “ನಿಮ್ಮ ಮನೆಯವರು ಎಲ್ಲಿ? ಕರೆಯಿರಿ” ಎನ್ನತೊಡಗಿದರು. ಕೆರೆಯ ಕಡೆಗೆ ಹೋಗಿದ್ದವರನ್ನು ಮೈಕಿನಲ್ಲಿ ಕರೆಯಬೇಕಾಯಿತು. ಶೆಡ್ಡಿನಲ್ಲಿ ಪ್ಯಾಕಿಂಗ್ ಮಾಡುವವರು, ಲೇಬಲ್ ಅಂಟಿಸುವವರು, ಆರ್ಡರ್ ಬರೆದುಕೊಳ್ಳುವವರು ಎಲ್ಲ ಈ ಮನೆಯವರೇ ಎಂಬುದು ಹನ್ನೊಂದು ವರ್ಷ ಅವರ ಫೈಲು ಹೊತ್ತ ನನಗೆ ಗೊತ್ತಿರಲಿಲ್ಲ. ಪಂಕ್ತಿಯಲ್ಲಿ ಅಕ್ಕಪಕ್ಕ ಕೂತ ಪುಣೆಯವರೂ ಸೂರತ್‌ನವರೂ ಪಾಯಸ ಬರುವ ಹೊತ್ತಿಗೆ ಪರಸ್ಪರ ಏಜೆನ್ಸಿ ಕೊಟ್ಟು ತೆಗೆದುಕೊಂಡಿದ್ದರು. ಸಾಹೇಬರು ಪತ್ರಕರ್ತರೊಬ್ಬರಿಗೆ, “ಕುಟುಂಬಾನ ಉದ್ದಿಮೀ ಬುನಾದಿ, ಇದು ಮೊದಲಿಂದ ನಮ್ಮ ವಿಚಾರ ಇತ್ತು” ಎಂದು ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು.

ಕೊನೆಯ ಪಂಕ್ತಿಯಲ್ಲಿ ನಾನು ಕೂತೆ. ಸಾಹೇಬರು ಹತ್ತಿರ ಬಂದು ಬೆನ್ನು ತಟ್ಟಿ, “ಎಲ್ಲಾರ ಮನೀ ಮಂದೀನೂ ಕಂಡೆ. ನಿಮ್ಮ ಮನೀಯವ್ರು ಎಲ್ಲಿ?” ಎಂದರು. ತಮ್ಮ ಎದುರಿಗೇ ನಾನು ಮಾಡಿದ್ದ ತ್ಯಾಗ ಅವರಿಗೆ ನೆನಪೇ ಇರಲಿಲ್ಲ. ಶೆಟ್ಟರು ಪಾಯಸದ ಪಾತ್ರೆಗೆ ಸೌಟು ಹಾಕಿ ನೋಡಿ, “ಇನ್ನೂ ಐವತ್ತು ಜನ ಉಣ್ಬಹುದಿತ್ತು ಮಾರಾಯ್ರೇ” ಎಂದರು. ಆರುನೂರು ಜನರಲ್ಲಿ ಜಾಗ ಸಿಗದೆ ಹೋದದ್ದು ನಮ್ಮ ಮನೆಯ ಒಂದೇ ಒಂದು ಎಲೆಗೆ. ನನಗೆ ನಿಜವಾಗಿ ನಾಚಿಕೆಯಾಯಿತು.

ಶೆಟ್ಟರು ಕೊಟ್ಟ ಪಾಯಸದ ಡಬ್ಬಿಯನ್ನು ಲೋಕಲ್‌ನಲ್ಲಿ ಎದೆಗವಚಿಕೊಂಡು ಮನೆಗೆ ಬಂದೆ. ಸೀರೆ ಟ್ರಂಕಿಗೆ ಹೋಗಿಯಾಗಿತ್ತು. ನಾನು ಹೊರಟ ಮೇಲೆ ಪಕ್ಕದ ಮನೆಯ ಶಿಂದೆ ಬಾಯಿ ಬಂದು, “ಕ್ಯಾ ಭಾಭೀ, ಅಭೀ ತಕ್ ಗಯೀ ನಹೀಂ?” ಎಂದು, ಇನ್ನೂ ಹೋಗಲಿಲ್ಲವೇಕೆಂದು ಕೇಳಿದರಂತೆ. ಸಮ್ಮೇಳನಕ್ಕೆ ಹೋಗುತ್ತೇನೆಂದು ವನಜಾ ಇಡೀ ಬಿಲ್ಡಿಂಗಿಗೆ ಹೇಳಿಕೊಂಡಿದ್ದಳು. ಪಾಯಸವನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು, “ಏಲಕ್ಕಿ ಜಾಸ್ತಿ” ಎಂದಳು. ನಾನು ತಪ್ಪಾಯಿತು ಎಂದೆ. ಅವಳು, “ಏಲಕ್ಕಿ ಹಾಕಿದ್ದು ನೀವಲ್ಲವಲ್ಲ” ಎಂದು ಡಬ್ಬಿ ತೊಳೆಯಲು ಹೋದಳು.

ಕೈಯಿರುವ ಕುರ್ಚಿ ನನಗೆ ಸಿಕ್ಕಿತು. ಮರುವರ್ಷ ಮತ್ತೆ ಸಮ್ಮೇಳನವೆಂದಾಗ ಸಾಹೇಬರು, “ಆ ಕಡೀ ಸಾಲು ಹಂಗ ಇರಲಿ, ಮುಟ್ಟಬ್ಯಾಡ್ರಿ” ಎಂದು ಅಪ್ಪಣೆ ಮಾಡಿದರು. ಪ್ರೆಸ್ಸಿನಿಂದ ಬಂದ ಮೊದಲ ಪತ್ರಿಕೆಯನ್ನು ಉತ್ತರದ ಕಾರ್ಡಿನ ಸಮೇತ ಕವರಿಗೆ ಹಾಕಿ, ‘ಶ್ರೀಮತಿ ವನಜಾ ಅವರಿಗೆ’ ಎಂದು ದುಂಡಗೆ ಬರೆದು, ಕೈಯಲ್ಲಿ ಕೊಡುವ ಧೈರ್ಯ ಸಾಲದೆ, ಕೋಟೆಯಿಂದ ವಡಾಲಕ್ಕೆ ಅಂಚೆಯಲ್ಲಿ ಕಳಿಸಿದೆ. ಒಂದು ವಾರ ಮನೆಯಲ್ಲಿ ಅದರ ಮಾತೇ ಇಲ್ಲ. ಅಂಚೆಯಲ್ಲಿ ಕಳೆದುಹೋಯಿತೇ ಎಂದು ಕೇಳುವಂತೆಯೂ ಇರಲಿಲ್ಲ. ಎಂಟನೆಯ ದಿನ ಸಾಹೇಬರು ಒಂದು ಉತ್ತರದ ಕಾರ್ಡು ಹಿಡಿದುಕೊಂಡು ನನ್ನ ಮೇಜಿಗೇ ಬಂದರು. “ಮೂರ್ತಿಯವರ, ವಡಾಲದಿಂದ ಒಬ್ಬರು ಕನ್ನಡದಾಗ ಬರದಾರ. ಇವರನ್ನ ಮುಂದಿನ ಸಾಲಿನ್ಯಾಗ ಕೂಡಸ್ರಿ” ಎಂದು ಕಾರ್ಡನ್ನು ನನ್ನ ಮುಂದಿಟ್ಟು, ನಗು ತಡೆದುಕೊಳ್ಳುತ್ತ ಹೋದರು.

ವನಜಾಳ ಅಕ್ಷರ. ‘ಬರುವವರು’ ಎಂಬಲ್ಲಿ ‘ನಾನು’ ಎಂದಿತ್ತು. ಅದರ ಕೆಳಗೆ, ‘ಜೊತೆಯಲ್ಲಿ ಬರುವ ಕುಟುಂಬದವರು’ ಎಂಬಲ್ಲಿ: ‘ಗಂಡ. ಅವರಿಗೆ ಪುರುಸೊತ್ತಿದ್ದರೆ.’