ಬಕ್ಕಪ್ಪನ ಗಿರಣಿಯ ಸಾಲು

ಶನಿವಾರ ಸಂಜೆ ಬಂದ ಒಂದು ಕಾರ್ಡೇ ಎಲ್ಲಕ್ಕೂ ಕಾರಣ. "ಭಾನುವಾರ ಹನ್ನೊಂದರ ಬಸ್ಸಿಗೆ ಬಸವಕಲ್ಯಾಣಕ್ಕೆ ಬರುತ್ತೇನೆ. ನಿಮ್ಮ ಪ್ರಾಜೆಕ್ಟು ನಡೆಯುತ್ತಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಸಹಿ" ಎಂದು ಗುಲ್ಬರ್ಗಾದಿಂದ ಕಾಲೇಜಿನ ಪ್ರಾಜೆಕ್ಟ್ ಗೈಡ್ ಬಸವಣಪ್ಪ ಸರ್ ಬರೆದಿದ್ದರು.

"ಬರ್ಲಿ ಬಿಡು!" ಎಂದ ವೈಜನಾಥ. ಅವನಿಗೆ ಅಳುಕೇನೂ ಇರಲಿಲ್ಲ.

ಇಂಡಸ್ಟ್ರಿಯಲ್ ಇಂಜಿನಿಯರಿಂಗಿನ ಕಡೆಯ ವರ್ಷದಲ್ಲಿ ಪ್ರತಿಯೊಬ್ಬರೂ ಎಲ್ಲಾದರೂ ಒಂದು ನಿಜವಾದ ತೊಂದರೆ ಹುಡುಕಿ, ಅಳೆದು, ಪರಿಹಾರ ಮಾಡಿ ತೋರಿಸಬೇಕಿತ್ತು. ಜೊತೆಯವರೆಲ್ಲ ದೊಡ್ಡ ದೊಡ್ಡ ಕಾರ್ಖಾನೆ ಹಿಡಿದರು. ವೈಜನಾಥ ಹಿಡಿದದ್ದು ಸೋದರಮಾವ ಬಕ್ಕಪ್ಪನ ಹಿಟ್ಟಿನ ಗಿರಣಿ. ಸ್ಟಾಪ್‌ವಾಚ್ ಹಿಡಿದು ಒಂದು ತಿಂಗಳು ಬಾಗಿಲಲ್ಲಿ ನಿಂತು ಲೆಕ್ಕ ತೆಗೆದ: ಒಬ್ಬ ಹೆಣ್ಣುಮಗಳು ಒಂದು ಡಬ್ಬಿ ಜೋಳ ಬೀಸಿಸಲು ಕಾಯುವುದು ಒಂದು ತಾಸು ನಲವತ್ತು ನಿಮಿಷ. ಅದರಲ್ಲಿ ಅರ್ಧ ಹೊತ್ತು 'ನನ್ನ ಪಾಳಿ, ನಿನ್ನ ಪಾಳಿ' ಎಂಬ ಜಗಳದಲ್ಲಿ ಕಲ್ಲು ಬರಿದೇ ತಿರುಗುತ್ತಿತ್ತು.

ಅವನು ತಗಡಿನ ಬಿಲ್ಲೆ ಕತ್ತರಿಸಿ ನಂಬರು ಹೊಡೆಸಿದ. ಜೋಳಕ್ಕೊಂದು ಕಡೆ, ಗೋಧಿಗೊಂದು ಕಡೆ ಡಬ್ಬಿ ಇಡಲು ಕಟ್ಟೆ ಕಟ್ಟಿಸಿದ. ಡಬ್ಬಿ ಇಡು, ಬಿಲ್ಲೆ ತಗೋ, ಮನೆಗೆ ಹೋಗು, ಹೇಳಿದ ಹೊತ್ತಿಗೆ ಬಂದು ಹಿಟ್ಟು ಒಯ್ಯಿ. ಎರಡೇ ವಾರದಲ್ಲಿ ಕಾಯುವ ಹೊತ್ತು ಒಂಬತ್ತು ನಿಮಿಷಕ್ಕಿಳಿಯಿತು. ಇನ್ನು ಒಂದು ಸಹಿ ಬಿದ್ದರೆ ಸಾಕು. ಪಾಸಾಗಿ ಜೂನ್ ಒಂದಕ್ಕೆ ಬಂದರೆ ಕೆಲಸ ನಿನ್ನದೇ ಎಂದು ಹುಮನಾಬಾದಿನ ಹೊಸ ಕಾರ್ಖಾನೆಯವರು ಮಾತು ಕೊಟ್ಟಿದ್ದರು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಗಿರಣಿಗೆ ಬಂದು ನೋಡುತ್ತಾನೆ, ಒಂದು ನರಪಿಳ್ಳೆಯೂ ಇಲ್ಲ. ಬಕ್ಕಪ್ಪ ಗೋಡೆಗೆ ಒರಗಿ ತೂಕಡಿಸುತ್ತಿದ್ದ.

"ಮಾವಾ, ಮಂದಿ ಎಲ್ಲಿ?"

"ನೀನೇ ಮನೀಗಿ ಕಳಸೀದಿ. ಟೈಮಿಗೆ ಬರ್ತಾರ, ಒಯ್ತಾರ. ಮಾತಾಡಾಕ ಯಾರೂ ಇಲ್ಲದ ನನಗ ನಿದ್ದಿ ಬರಾಕತ್ತದ."

ವೈಜನಾಥ ಬಾಗಿಲಿಗೆ ಬಂದು ಓಣಿಯ ಎರಡೂ ಕಡೆ ನೋಡಿದ. ಗೈಡ್ ಬಂದು ಈ ಬಣಬಣ ಗಿರಣಿ ನೋಡಿದರೆ ಏನೆಂದಾರು? 'ಗಿರಾಕಿಗಳೇ ಇಲ್ಲದ ಮೇಲೆ ಕಾಯುವವರು ಯಾರಪ್ಪಾ?' ಎನ್ನುವುದಿಲ್ಲವೇ?

ಸಾಲನ್ನು ಅಳಿಸಲು ಒಂದೂವರೆ ತಿಂಗಳು ಬೆವರು ಸುರಿಸಿದವನು ಈಗ ಸಾಲು ಹುಡುಕಿಕೊಂಡು ಓಡಿದ. ಮೊದಲು ಹೋದದ್ದು ಓಣಿಯ ಹಿರಿಯಳು ಯಶೋದಾಬಾಯಿಯ ಮನೆಗೆ.

"ಕಾಕು, ಇವತ್ತೊಂದಿನ ಗಿರಣ್ಯಾಗ ಬಂದು ಕುಂದರ್ರಿ."

"ಯಾಕ? ನೀನೇ ನಮ್ಮನ್ನ ಕೋಳಿ ಓಡಿಸಿದಂಗ ಓಡಿಸೀದಿ. ಹದಿನೈದು ದಿನಾ ಆತು, ಊರಾಗ ಯಾರಿಗಿ ಏನಾತು ಒಂದೂ ಗೊತ್ತಿಲ್ಲ ನಂಗ!"

"ತಪ್ಪಾತು ಕಾಕು. ನನ್ನ ಜಿಂದಗಿ ನಿಮ್ಮ ಕೈಯಾಗದ."

"ಬರ್ತೀನಿ. ಆದ್ರ ನನ್ನ ಹಿಟ್ಟು ಆದ್ರೂ ನಾ ಏಳಂಗಿಲ್ಲ ನೋಡು."

ಹತ್ತಾರು ಮಂದಿ ಬಂದರೆ ಸಾಕು ಎಂದು ಅವನ ಲೆಕ್ಕ. ಆದರೆ ಯಶೋದಾಬಾಯಿ ಪಕ್ಕದ ಮನೆಯ ರಾಬಿಯಾಗೆ ಹೇಳಿದಳು, ರಾಬಿಯಾ ಇಡೀ ಮೊಹಲ್ಲಾಕ್ಕೆ ಹೇಳಿದಳು. ಹತ್ತೂವರೆಗೆ ಗಿರಣಿಯ ಮುಂದೆ ಅರವತ್ತು ಡಬ್ಬಿ, ಅರವತ್ತು ಹೆಂಗಸರು. ಹದಿನೈದು ದಿನದ ಮಾತು ಒಮ್ಮೆಲೇ ಹೊರಬಿದ್ದು ಗಿರಣಿಯ ಸದ್ದೇ ಅದರಲ್ಲಿ ಮುಳುಗಿಹೋಯಿತು. ಗೆಳತಿಯ ಪಕ್ಕ ಕೂರಬೇಕೆಂದು ಒಬ್ಬರಿಗೊಬ್ಬರು ಬಿಲ್ಲೆ ಬದಲಿಸಿಕೊಂಡರು. ಏಳರ ಡಬ್ಬಿಗೆ ಐವತ್ತಮೂರರ ಒಡತಿ! ವೈಜನಾಥ ಅವನ್ನೆಲ್ಲ ಕೂಡಿಸಿ, ಸರಿಮಾಡಿ, ಮೈತುಂಬ ಹಿಟ್ಟು ಬಳಿದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ.

ಹನ್ನೊಂದರ ಬಸ್ಸು ಬಂತು. ಗೈಡ್ ಇಳಿಯಲಿಲ್ಲ. ಮುಂದಿನ ಬಸ್ಸಿಗೂ ಕಾದ. ಅದರಲ್ಲೂ ಇಲ್ಲ. ಬೆವೆತು ವಾಪಸು ಬಂದರೆ, ಹುಮನಾಬಾದಿನಲ್ಲೇ ಬಸ್ಸು ಬಿಟ್ಟು ಯಾರದೋ ಜೀಪು ಹತ್ತಿ ಯಾವಾಗಲೋ ಬಂದಿದ್ದ ಗೈಡ್ ಸಾಲಿನ ನಡುವೆ ಕುಳಿತಿದ್ದಾರೆ! ತೊಡೆಯ ಮೇಲೆ ಯಾರದೋ ಜೋಳದ ಡಬ್ಬಿ, ಕೈಯಲ್ಲಿ ಚಹಾದ ಬಸಿ.

ಆಗಿದ್ದಿಷ್ಟು. ಒಳಗೆ ಹೋಗಲು ನೋಡಿದ ಅಪರಿಚಿತನನ್ನು ರಾಬಿಯಾ ತಡೆದು, "ಪಾಳಿ ಬಿಟ್ಟು ಎಲ್ಲಿ ನುಗ್ತೀರಿ? ಕುಂದರ್ರಿ!" ಎಂದು ಗದರಿ ಕೂರಿಸಿದ್ದಳು. ಕಾಲೇಜಿನ ಮಾಸ್ತರ ಎಂದು ತಿಳಿದ ಮೇಲೆ ಹೆಂಗಸರು ಕೂತವನನ್ನು ಸುಮ್ಮನೆ ಬಿಡುವುದುಂಟೆ?

"ಯಾ ಊರು ಮಾಸ್ತರ್ದು?"

"ಚಿಟಗುಪ್ಪಾರಿ."

"ಚಿಟಗುಪ್ಪಾದಾಗ ಯಾರ ಪೈಕಿ?" ಎಂದು ಯಶೋದಾಬಾಯಿ ಹತ್ತಿರ ಸರಿದಳು. ವೈಜನಾಥ ಬರುವಷ್ಟರಲ್ಲಿ ಮೂರು ತಲೆಮಾರು ಮುಗಿದು ನಾಲ್ಕನೆಯದು ನಡೆದಿತ್ತು.

"ಸರ್, ಮಾಫ್ ಮಾಡ್ರಿ!" ಎಂದ ವೈಜನಾಥ.

"ಇರ್ಲಿ ಇರ್ಲಿ. ನೀವು ಕೆಲಸಾ ಶುರು ಮಾಡ್ರಿ," ಎಂದರು ಗೈಡ್, ಎದ್ದೇಳದೆ.

ವೈಜನಾಥ ಪಂಚೆ ಬಿಗಿದು ನಿಂತ. ಜೋಳದ ಡಬ್ಬಿ ಆ ಕಡೆ, ಗೋಧಿಯದು ಈ ಕಡೆ. ಒಂದು ಮುಗಿಯುವ ಮೊದಲೇ ಇನ್ನೊಂದು ಸಿದ್ಧ. ಕಲ್ಲು ಒಂದು ಗಳಿಗೆಯೂ ಬರಿದೇ ತಿರುಗಲಿಲ್ಲ. ಮೊದಲಾದರೆ ದೀಪ ಹಚ್ಚುವ ಹೊತ್ತಿಗೂ ಮುಗಿಯದ ಅರವತ್ತು ಡಬ್ಬಿ ಮೂರು ಗಂಟೆಗೆ ಬೀಸಿ ಮುಗಿದವು. ಬಕ್ಕಪ್ಪನೇ ಬೆರಗಾಗಿ, "ಖರೇ ಇಂಜಿನಿಯರ್ ಆದಿ ಬಿಡಪ್ಪಾ!" ಎಂದು ಬೆನ್ನು ಚಪ್ಪರಿಸಿದ.

ಯಶೋದಾಬಾಯಿಯ ಮನೆಯಲ್ಲಿ ಊಟ ಮುಗಿಸಿ ಬಂದ ಗೈಡ್ ವರದಿಯ ಹಾಳೆ ಹಾಳೆ ತಿರುವಿದರು.

"ಭೇಷ್. ನಮ್ಮ ಕಾಲೇಜಿನಾಗ ಇಂಥಾ ಪ್ರಾಜೆಕ್ಟು ನಾ ನೋಡೇ ಇಲ್ಲ," ಎಂದು ಪೆನ್ನು ತೆಗೆದರು. ವೈಜನಾಥ ಕಣ್ಣು ಮುಚ್ಚಿ ಜೂನ್ ಒಂದನ್ನು ನೆನೆದ.

ಕಣ್ಣು ತೆರೆದು ಓದಿದ. 'ಕೆಲಸ ಅತ್ಯುತ್ತಮ. ಆದರೆ ಅಳತೆಗಳು ಸಾಲವು. ದೀಪಾವಳಿಯವರೆಗೆ ಪ್ರತಿ ಭಾನುವಾರ ಮತ್ತೆ ಅಳೆಯತಕ್ಕದ್ದು. ಗೈಡ್ ಖುದ್ದಾಗಿ ಹಾಜರಿರುತ್ತಾರೆ. ಸಹಿ ಅದರ ನಂತರ.'

"ಸರ್! ದೀಪಾವಳಿತನಕ? ಮತ್ತ ಭಾನುವಾರನೇ ಯಾಕ್ರಿ?"

"ಭಾನುವಾರದ ಮಂದಿ ಬ್ಯಾರೇನೇ ಇರ್ತಾರ, ವೈಜನಾಥ," ಎಂದು ಗೈಡ್ ಬೇರೆ ಕಡೆ ನೋಡಿದರು. ಅವರ ಕಿವಿ ಕೆಂಪಾಗಿತ್ತು.

ಅವರು ಬಸ್ಸಿಗೆ ಹೋದ ಮೇಲೆ ಯಶೋದಾಬಾಯಿ ಬಂದು ವೈಜನಾಥನ ಕೈಗೆ ಬೆಲ್ಲದ ತುಂಡು ಇಟ್ಟಳು.

"ನಿನ್ನ ಉಪಕಾರ ಮರೆಯೂದಿಲ್ಲಪ್ಪಾ. ನನ್ನ ಮಗಳು ಇಂದುಮತಿ ಹುಮನಾಬಾದ್ ಸಾಲ್ಯಾಗ ಟೀಚರ್ ಅಲ್ಲೇನು, ಭಾನುವಾರಷ್ಟೇ ಊರಿಗಿ ಬರ್ತಾಳ. ಇವತ್ತು ಡಬ್ಬಿ ತಗೊಂಡು ನನ್ನ ಬಾಜೂಕೇ ಕುಂತಿದ್ಳು. ಮಾಸ್ತರಿಗಿ ಮನಸಿಗಿ ಬಂದಾಳ, ಆಕಿಗೂ ಅವರು ಬಂದಾರ. ಆದ್ರ ಮಾಸ್ತರ ಅಕ್ಕನ ಲಗ್ನ ದೀಪಾವಳಿಗಿ. ಅಲ್ಲೀತನಾ ತಮ್ಮನ ಲಗ್ನದ ಮಾತು ಹೊರಗ ಬೀಳಂಗಿಲ್ಲ. ಬರಾಕ ಅವರಿಗಿ ಏನರ ನೆವಾ ಬೇಕಲ್ಲೇನು?"

ವೈಜನಾಥನಿಗೆ ಬಾಯಿಗೆ ಹಾಕಿಕೊಂಡ ಬೆಲ್ಲ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಮುಂದಿನ ಭಾನುವಾರ ಎಂಟಕ್ಕೇ ಗೈಡ್ ಹೊಸ ಶರ್ಟಿನಲ್ಲಿ ಹಾಜರು. ವೈಜನಾಥ ಹಲ್ಲು ಕಚ್ಚಿ, ಇಂದುಮತಿಯ ಡಬ್ಬಿಯನ್ನು ಎಲ್ಲಕ್ಕಿಂತ ಮೊದಲು ಎತ್ತಿಕೊಂಡ. ಗೈಡ್ ಗಾಬರಿಯಿಂದ ಎದ್ದು ಬಂದು ಅವನ ಕಿವಿಯಲ್ಲಿ ಉಸುರಿದರು:

"ಅವಸರ ಏನದ ವೈಜನಾಥ? ಆ ಡಬ್ಬಿ ಕಡೀಗೆ ಇಡ್ರಿ."