ಕೌದಿಯ ಮೇಲೆ ಮಾತ್ರ ಓಡಿದ ಗಾಡಿ

ಅಫಜಲಪುರದ ನದಿತೀರ ರಸ್ತೆ ಪರಿಶೀಲನಾ ಮಂಡಳಿಯು ಕೆಟ್ಟ ರಸ್ತೆಗಳನ್ನು ಪರೀಕ್ಷಿಸುವ ಸಲುವಾಗಿ, ಕೆಸರು, ಕಲ್ಲು, ಹಳ್ಳ ಯಾವುದಕ್ಕೂ ಅಂಜದ ಅತಿ ದುಬಾರಿ ಗಾಡಿಯೊಂದನ್ನು ಖರೀದಿಸಿತು; ಖರೀದಿಸಿದ ದಿನವೇ ಅದನ್ನು ಕೆಟ್ಟ ರಸ್ತೆಗೆ ಒಯ್ಯಕೂಡದೆಂದು ಠರಾವು ಮಾಡಿತು. ಕಾರಣ ಸ್ಪಷ್ಟವಾಗಿತ್ತು. ಇಂಥ ಗಾಡಿ ಒಮ್ಮೆ ಕೆಸರು ಕಂಡರೆ ಮಾರುವಾಗ ಅರ್ಧ ಬೆಲೆಯೂ ಹುಟ್ಟುವುದಿಲ್ಲ. ಮಂಡಳಿಯ ಆಸ್ತಿಯ ಬೆಲೆ ಇಳಿಸುವುದು ಅಪರಾಧ.

ಹೀಗಾಗಿ ಸೀಟಿನ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಕಿತ್ತಿರಲಿಲ್ಲ. ಟೈರಿನ ಮೇಲಿನ ರಬ್ಬರಿನ ಎಳೆಗಳು ಹಸುಗೂಸಿನ ಕೂದಲಿನಂತೆ ಹಾಗೆಯೇ ಇದ್ದವು. ಕಾರ್ಯದರ್ಶಿ ವ್ಯಂಕಟೇಶರು ಪ್ರತಿದಿನ ಬೆಳಗ್ಗೆ ಅವುಗಳ ಮೇಲೆ ಕೈಯಾಡಿಸಿದ ನಂತರವೇ ಕುರ್ಚಿಯಲ್ಲಿ ಕೂಡುತ್ತಿದ್ದರು.

ಭೀಮೆಯ ದಂಡೆಯ ಸಣ್ಣ ವಸ್ತಿಯಲ್ಲಿದ್ದ ತುಳಜಾಬಾಯಿಗೆ ಇದೊಂದೂ ತಿಳಿದಿರಲಿಲ್ಲ. ಆಕೆಗೆ ತಿಳಿದಿದ್ದುದು ಇಷ್ಟೇ: ಮಗಳು ಸೀಮಾಳನ್ನು ನೋಡಲು ಯಡ್ರಾಮಿಯಿಂದ ಹೊರಟ ಗಂಡಿನವರು ಎರಡು ಸಲವೂ ಎರಿ ಮಣ್ಣಿನ ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡು ಅರ್ಧ ದಾರಿಯಿಂದ ತಿರುಗಿ ಹೋಗಿದ್ದರು. ಹುಡುಗನ ತಂದೆ ಫೋನಿನಲ್ಲಿ, "ರಸ್ತಾ ಆದ ಮ್ಯಾಲ ಹೇಳ್ರಿ, ಬರ್ತೇವಿ. ಇಲ್ಲಂದ್ರ ಆಳಂದದಾಗ ಇನ್ನೊಂದು ಹೆಣ್ಣು ಅದ," ಎಂದಿದ್ದ.

ಆಕೆ ಕಚೇರಿಗೆ ಬಂದಳು.

"ಸಾಹೇಬ್ರೆ, ನಮ್ಮ ವಸ್ತಿಗೆ ರಸ್ತಾ ಬೇಕ್ರಿ."

"ಗಾಡಿ ಬಂದು ಪರೀಕ್ಷಾ ಮಾಡಬೇಕು ಯವ್ವಾ, ಆಮ್ಯಾಲ ರಸ್ತಾ," ಎಂದರು ವ್ಯಂಕಟೇಶರು.

"ಹಂಗಾರ ಬರ್ರಿ."

"ಬರಾಕ ರಸ್ತಾ ಎಲ್ಲದ?"

"ಇಲ್ಲಂತನೇ ಬಂದೇನ್ರಿ."

"ನಿನ್ನ ಮಾತೂ ಖರೆ, ಗಾಡಿ ಮಾತೂ ಖರೆ. ಚಕ್ರಕ್ಕ ರಾಡಿ ಹತ್ತಿದ್ರ ನಾಳೆ ಇದನ್ನ ಯಾರು ಕೇಳ್ತಾರ?"

ಬಾಗಿಲಿಗೆ ಒರಗಿ ನಿಂತಿದ್ದ ಡ್ರೈವರ್ ಲಾಡ್ಲೆಸಾಬ ಬಿಡಿಸಿ ಹೇಳಿದ: "ಅವ್ವಾರ, ಇದು ಲಗ್ನಕ್ಕ ಬಂದ ಹುಡುಗಿ ಇದ್ದಂಗ. ನಾಕು ಮಂದಿ ಬರ್ತಾರ, ಸುತ್ತ ತಿರುಗಿ ನೋಡ್ತಾರ, ಹೋಗ್ತಾರ. ಹೊರಗ ಬಿಟ್ರ ರೇಟ್ ಬಿತ್ತು!"

ತುಳಜಾಬಾಯಿಗೆ ಇದು ಕೂಡಲೇ ಅರ್ಥವಾಯಿತು. ಆಕೆಯೂ ಸೀಮಾಳನ್ನು ಬಿಸಿಲಿಗೆ ಬಿಡದೆ ಒಂದು ವರ್ಷವಾಗಿತ್ತು.

"ಚಕ್ರದ ಕೆಳಗ ಕೌದಿ ಹಾಸಿದ್ರ ಬರ್ತದೇನ್ರಿ?"

ವ್ಯಂಕಟೇಶರು ನಿಯಮಗಳನ್ನೆಲ್ಲ ತಿರುವಿ ಹಾಕಿದರು. ಕೌದಿಯ ವಿರುದ್ಧ ಯಾವ ನಿಯಮವೂ ಇರಲಿಲ್ಲ.

ಹಳೆಯ ಸೀರೆಗಳನ್ನು ಕೂಡಿಸಿ, ಅಂಚಿಗೆ ಹೂವು ಹಾಕಿ, ಸೀಮಾಳ ಮದುವೆಗೆಂದು ಹೊಲಿದಿಟ್ಟ ಆರು ಕೌದಿಗಳು ಟ್ರಂಕಿನಿಂದ ಹೊರಬಂದವು. ಕ್ರಾಸಿನಿಂದ ವಸ್ತಿಯವರೆಗೆ ಹೆಂಗಸರು ಅವನ್ನು ಮುಂದೆ ಹಾಸಿದರು; ಗಾಡಿ ದಾಟಿದೊಡನೆ ಹಿಂದಿನದನ್ನು ಎಳೆದು ಮತ್ತೆ ಮುಂದೆ ಹಾಸಿದರು. ಬೆಳಗ್ಗೆ ಹೊರಟ ಗಾಡಿ ಸಂಜೆಗೆ ತಲುಪಿತು. ಪ್ರತಿ ತಿರುವಿನಲ್ಲಿಯೂ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿ ಲಾಡ್ಲೆಸಾಬನ ಮಡಿಲಿಗೆ ಬೀಳುತ್ತಿದ್ದರೂ ವ್ಯಂಕಟೇಶರು ಪರಿಶೀಲನೆಯನ್ನು ನಿಲ್ಲಿಸಲಿಲ್ಲ.

ಮರುದಿನ ವರದಿ ಹೊರಬಿದ್ದಿತು: "ಪರಿಶೀಲಿಸಲಾಗಿ, ಸದರಿ ರಸ್ತೆಯು ಕೆಸರಾಗಲಿ ತಗ್ಗಾಗಲಿ ಇಲ್ಲದೆ ಮೃದುವಾಗಿದ್ದು, ಅಂಚಿನಲ್ಲಿ ಹೂವುಗಳನ್ನು ಹೊಂದಿರುತ್ತದೆ. ಆದಕಾರಣ ಹೊಸ ರಸ್ತೆಯ ಅಗತ್ಯವಿರುವುದಿಲ್ಲ. ಇರುವ ರಸ್ತೆಯನ್ನು ಆಗಾಗ ಒಗೆಯತಕ್ಕದ್ದು. ಮಳೆ ಬಂದಾಗ ಮಡಚಿ ಒಳಗಿಡತಕ್ಕದ್ದು."

"ಹಂಗಾರ ರಸ್ತಾ ಆದಂಗೇನ್ರಿ?" ಎಂದು ತುಳಜಾಬಾಯಿ ಕೇಳಿದಳು.

"ಆತಲ್ಲ ಯವ್ವಾ. ಕಾಗದದ ಮ್ಯಾಲ ಸಿಕ್ಕಾನೂ ಬಿದ್ದದ."

ಆಕೆ ಯಡ್ರಾಮಿಗೆ ಫೋನ್ ಮಾಡಿದಳು. ಗಂಡಿನವರು ಬಂದರು. ಮತ್ತೆ ಹಾಸಿದ್ದ ಕೌದಿಯನ್ನು ಚಪ್ಪಲಿಯಿಂದ ತುಳಿಯಬಾರದೆಂದು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬಂದುದರಿಂದ ಈ ಸಲ ಒಂದೂ ಕಳೆಯಲಿಲ್ಲ. ಹುಡುಗನ ತಂದೆ, "ರಸ್ತಾ ಭಾಳ ಮೆತ್ತಗ ಅದ ಬಿಡ್ರಿ," ಎಂದ. ಹೆಣ್ಣೂ ಒಪ್ಪಿಗೆಯಾಯಿತು.

ಇತ್ತ ಮಂಡಳಿಯು ಗಾಡಿಯನ್ನು ಮಾರಾಟಕ್ಕಿಟ್ಟು ಪ್ರಕಟಣೆ ಹೊರಡಿಸಿತು: "ಕೌದಿಯ ಮೇಲೆ ಮಾತ್ರ ಓಡಿದ ಗಾಡಿ. ಸೀಟಿನ ಹಾಳೆ ಅಖಂಡ." ಜೇವರ್ಗಿಯ ದಲಾಲರು ಟೈರಿನ ಎಳೆಗಳನ್ನು ಮುಟ್ಟಿ ನೋಡಿ ಬೆಲೆ ಏರಿಸಿದರು. ಕೊನೆಗೆ ಯಡ್ರಾಮಿಯಲ್ಲಿ ಹೊಸದಾಗಿ ಹುಟ್ಟಿದ್ದ ಇಂಥದೇ ಮಂಡಳಿಯು ಅದನ್ನು ಹೊಸ ಗಾಡಿಗಿಂತ ಹೆಚ್ಚಿನ ಬೆಲೆಗೆ ಕೊಂಡಿತು. ಹೊಸ ಗಾಡಿಯಾದರೂ ಕಾರ್ಖಾನೆಯಿಂದ ಬರುವಾಗ ಒಂದಿಷ್ಟು ನೆಲ ಮುಟ್ಟಿರುತ್ತದೆ.

ಕೌದಿಗಳಿಲ್ಲದೆ ಮಗಳನ್ನು ಗಂಡನ ಮನೆಗೆ ಕಳಿಸುವುದು ನಮ್ಮಲ್ಲಿ ಇಲ್ಲ. ಮದುವೆಯಾದ ಮೇಲೆ ಆರೂ ಸೀಮಾಳೊಂದಿಗೆ ಹೋದವು. ಅಫಜಲಪುರದ ಮಂಡಳಿಯು ತಕ್ಷಣ ಆದೇಶಿಸಿತು: "ಸದರಿ ರಸ್ತೆಯು ವಿವಾಹ ನಿಮಿತ್ತ ಯಡ್ರಾಮಿ ತಾಲ್ಲೂಕಿಗೆ ವರ್ಗಾವಣೆಗೊಂಡಿರುತ್ತದೆ." ವಸ್ತಿಯವರು ತಕರಾರು ಮಾಡಲಿಲ್ಲ. ತಿರುಗಿ ಕೇಳಿದರೆ ಹುಡುಗಿಯ ಬಾಳು ಕೆಟ್ಟೀತು.

ಪಂಚಮಿಗೆ ಸೀಮಾ ತವರಿಗೆ ಬಂದಳು. ಕ್ರಾಸಿನಲ್ಲಿ ತಾಯಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಾಯುತ್ತಿದ್ದಳು.

"ರಸ್ತಾ ತಂದೀಯಿಲ್ಲ ಬೇ?"

"ತಂದೇನವ್ವಾ. ನಾಕೇ ಅವ. ಎರಡು ಅಲ್ಲೇ ಮಂಡಳಿ ಗಾಡಿ ಕೆಳಗ ಅವ, ಕೊಡವಲ್ರು."

"ಇರಲಿ, ಲಗೂ ಹಾಸು. ಮಂದಿ ಕಾಯಾಕತ್ತದ."

ಆಕೆಯ ಹಿಂದೆ ಇಡೀ ವಸ್ತಿ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಸಾಲಾಗಿ ನಿಂತಿತ್ತು. ಮಗಳು ತವರಿನಲ್ಲಿರುವಷ್ಟು ದಿನ ಊರಿಗೆ ರಸ್ತೆ ಇರುತ್ತದೆ. ಸಂತೆ, ದವಾಖಾನೆ, ಸಾಲೆ ಎಲ್ಲವನ್ನೂ ಅಷ್ಟರಲ್ಲಿ ಮುಗಿಸಿಕೊಳ್ಳಬೇಕು.